ಕೀಲಿ ಯಾರ ಹತ್ತಿರ ಇದೆ? ವಿಕಿರಣ ವಸ್ತುಗಳಿಗೆ ಪರವಾನಗಿ ಕೊಡುವವರಿಗೆ ಒಂದು ಬಹಿರಂಗ ಪತ್ರ

ಮಾನ್ಯರೇ,

ನಿಮ್ಮ ಕಚೇರಿಯ ಹೆಸರನ್ನು ಬೇಕೆಂದೇ ಬರೆದಿಲ್ಲ. ಅಣುಶಕ್ತಿ ಮತ್ತು ವಿಕಿರಣ ವಸ್ತುಗಳ ಮೇಲೆ ಕಣ್ಣಿಡುವ ಕಚೇರಿ ಈಗ ಹೆಚ್ಚುಕಡಿಮೆ ಎಲ್ಲ ದೇಶಗಳಲ್ಲೂ ಇದೆ. ಹೆಸರು ಬೇರೆ, ಮೊಹರು ಬೇರೆ, ಅರ್ಜಿಯ ನಮೂನೆ ಬೇರೆ. ನಾನು ಹೇಳಬೇಕಾಗಿರುವ ಮಾತು ಮಾತ್ರ ಎಲ್ಲರಿಗೂ ಒಂದೇ.

ನಾನು ಇಂಡಸ್ಟ್ರಿಯಲ್ ರೇಡಿಯೋಗ್ರಾಫರ್ ಆಗಿದ್ದವನು. ಆಸ್ಪತ್ರೆಯಲ್ಲಿ ಮೂಳೆಯ ಎಕ್ಸ್‌ರೇ ತೆಗೆಯುತ್ತಾರಲ್ಲ, ಹಾಗೆ ನಾವು ಪೈಪು, ಬಾಯ್ಲರುಗಳ ವೆಲ್ಡಿಂಗ್ ಜಾಯಿಂಟಿನ ಫಿಲ್ಮ್ ತೆಗೆಯುತ್ತಿದ್ದೆವು. ಒಳಗೆ ಬಿರುಕು ಇದೆಯಾ, ಗಾಳಿಗುಳ್ಳೆ ಉಳಿದಿದೆಯಾ ಅಂತ ನೋಡುವುದಕ್ಕೆ. ಎಕ್ಸ್‌ರೇ ಯಂತ್ರವನ್ನು ಎಲ್ಲ ಕಡೆ ಹೊತ್ತೊಯ್ಯಲು ಆಗುವುದಿಲ್ಲ. ಹಾಗಾಗಿ ಇರಿಡಿಯಂ-192 ಅನ್ನುವ ವಿಕಿರಣ ವಸ್ತು ಬಳಸುತ್ತೇವೆ. ಕಡಲೆಕಾಳಿನಷ್ಟು ದೊಡ್ಡ ಲೋಹದ ಕ್ಯಾಪ್ಸೂಲ್. ನಮ್ಮ ಬಾಯಲ್ಲಿ ಅದು ಬರೀ ‘ಸೋರ್ಸ್’. ಅದನ್ನು ಅಡಗಿಸಿಡುವ ಪೆಟ್ಟಿಗೆಗೆ ಕ್ಯಾಮೆರಾ ಅನ್ನುತ್ತೇವೆ. ಕಡಲೆಕಾಳಿನಷ್ಟು ವಸ್ತುವನ್ನು ಹಿಡಿದಿಡುವ ಪೆಟ್ಟಿಗೆಯ ತೂಕ ಇಪ್ಪತ್ತು ಕಿಲೋಗೂ ಜಾಸ್ತಿ.

ಈ ಕೆಲಸ ಸಾಮಾನ್ಯವಾಗಿ ರಾತ್ರಿ ಹೊತ್ತು ನಡೆಯುತ್ತದೆ. ಬೇರೆ ಯಾರೂ ಹತ್ತಿರ ಸುಳಿಯಬಾರದು. ಸುತ್ತ ಹಗ್ಗ ಕಟ್ಟಿ, ಕೆಂಪು ದೀಪ ಇಟ್ಟು, ದೂರದಲ್ಲಿ ನಿಂತು ಕ್ರ್ಯಾಂಕ್ ತಿರುಗಿಸುತ್ತೇವೆ. ಸೋರ್ಸ್ ಪೆಟ್ಟಿಗೆಯಿಂದ ಹೊರಟು, ಕೊಳವೆಯೊಳಗೆ ಓಡಿ, ಜಾಯಿಂಟಿನ ಪಕ್ಕ ನಿಲ್ಲುತ್ತದೆ. ಕೆಲವು ನಿಮಿಷ ಬಿಟ್ಟು ಉಲ್ಟಾ ತಿರುಗಿಸಿ ಒಳಗೆ ಎಳೆದುಕೊಳ್ಳಬೇಕು. ಒಳಗೆ ಬಂತೋ ಇಲ್ಲವೋ ಕಣ್ಣಿಗೆ ಕಾಣುವುದಿಲ್ಲ, ಸದ್ದಿಲ್ಲ, ವಾಸನೆಯಿಲ್ಲ. ವಿಕಿರಣ ಅಳೆಯುವ ಸರ್ವೇ ಮೀಟರ್ ಹೇಳಬೇಕು. ಎದೆಗೆ ಸಿಕ್ಕಿಸಿಕೊಂಡ ಬ್ಯಾಡ್ಜ್ ಕೂಡ ಲೆಕ್ಕ ಹೇಳುತ್ತದೆ, ಆದರೆ ಅದನ್ನು ಲ್ಯಾಬಿಗೆ ಕಳಿಸಿ ಓದಿಸಿದ ಮೇಲೆ. ಅಷ್ಟರಲ್ಲಿ ಆಗಬೇಕಾದ್ದು ಆಗಿರುತ್ತದೆ.

ಒಂದು ರಾತ್ರಿ ನಮ್ಮ ಮೀಟರ್ ಸೊನ್ನೆ ತೋರಿಸುತ್ತಿತ್ತು. ಸೋರ್ಸ್ ಹೊರಗಿದ್ದಾಗಲೂ ಸೊನ್ನೆ. ಬ್ಯಾಟರಿ ಸತ್ತಿತ್ತು. ಅದನ್ನು ಮೊದಲು ಗಮನಿಸಿದ್ದು ಅನುಭವಸ್ಥನಾದ ನಾನಲ್ಲ. ಕೆಲಸಕ್ಕೆ ಸೇರಿ ಮೂರು ವಾರವಾಗಿದ್ದ ಹುಡುಗ, “ಅಣ್ಣಾ, ಇದು ಯಾವಾಗ್ಲೂ ಸೊನ್ನೇನೇ ಇರುತ್ತಾ?” ಅಂತ ಕೇಳಿದ. ನನಗೆ ಬೆವರು ಕಿತ್ತುಕೊಂಡು ಬಂತು. ಆ ರಾತ್ರಿ ಅದಾಗಲೇ ನಾಲ್ಕು ಜಾಯಿಂಟ್ ಮುಗಿಸಿದ್ದೆವು. ಅದೃಷ್ಟಕ್ಕೆ ನಾಲ್ಕು ಸಲವೂ ಸೋರ್ಸ್ ಸರಿಯಾಗಿ ಒಳಗೆ ಬಂದಿತ್ತು.

ಮುಂದಿನ ತಿಂಗಳು ತಪಾಸಣೆಗೆ ಬಂದರು. ರಿಜಿಸ್ಟರ್ ಕೇಳಿದರು, ಕೊಟ್ಟೆ. ಮೀಟರಿನ ಕ್ಯಾಲಿಬ್ರೇಶನ್ ಸರ್ಟಿಫಿಕೇಟ್ ಕೇಳಿದರು, ಅದೂ ಇತ್ತು, ದಿನಾಂಕವೂ ಸರಿಯಿತ್ತು. ಮೀಟರನ್ನು ಆನ್ ಮಾಡಿ ಅಂತ ಯಾರೂ ಹೇಳಲಿಲ್ಲ. ಆ ಅಧಿಕಾರಿಗಳ ಮೇಲೆ ನನಗೆ ಸಿಟ್ಟಿಲ್ಲ. ಒಂದೇ ದಿನದಲ್ಲಿ ಐದಾರು ಕಡೆ ಹೋಗಬೇಕಾದವರು ಕಾಗದವನ್ನೇ ನೋಡುತ್ತಾರೆ. ಕಾಗದ ಬೇಗ ಓದಿ ಮುಗಿಯುತ್ತದೆ.

ಆದರೆ ಈ ಪತ್ರಕ್ಕೆ ಕಾರಣ ಆ ರಾತ್ರಿ ಅಲ್ಲ. ಅದಾಗಿ ಕೆಲವು ವರ್ಷಕ್ಕೆ ಬಿದ್ದ ಒಂದು ಬೀಗ.

ನಾನು ಕೆಲಸ ಮಾಡುತ್ತಿದ್ದ ಕಂಪನಿ ಮುಳುಗಿತು. ಮೊದಲು ಸಂಬಳ ನಿಂತಿತು, ಆಮೇಲೆ ಕರೆಂಟ್ ಹೋಯಿತು, ಕೊನೆಗೆ ಮಾಲೀಕರ ಫೋನ್ ಸ್ವಿಚ್ ಆಫ್ ಆಯಿತು. ಗೋಡೌನಿನ ಮೂಲೆಯಲ್ಲಿ ಸಿಮೆಂಟಿನ ಗುಂಡಿ ಇತ್ತು. ಅದರೊಳಗೆ ಎರಡು ಕ್ಯಾಮೆರಾ, ಎರಡರಲ್ಲೂ ಸೋರ್ಸ್. ಗುಂಡಿಯ ಮುಚ್ಚಳಕ್ಕೆ ಬೀಗ. ಒಂದು ಕೀಲಿ ಮಾಲೀಕರ ಹತ್ತಿರ, ಇನ್ನೊಂದು ವಿಕಿರಣ ಸುರಕ್ಷತಾ ಅಧಿಕಾರಿ ಅನ್ನಿಸಿಕೊಂಡಿದ್ದ ನನ್ನ ಹತ್ತಿರ. ಗೇಟಿನಲ್ಲಿ ಒಬ್ಬ ವಾಚ್‌ಮನ್ ಮಾತ್ರ ಉಳಿದಿದ್ದ. ಅವನಿಗೂ ಸಂಬಳ ಇರಲಿಲ್ಲ, ಆದರೆ ಇರುವುದಕ್ಕೆ ಬೇರೆ ಜಾಗವೂ ಇರಲಿಲ್ಲ. ನಾನು ನೋಡಲು ಹೋದಾಗ ಆ ಮುಚ್ಚಳದ ಮೇಲೆ ಹಾಸಿಗೆ ಸುತ್ತಿಟ್ಟಿದ್ದ. “ಬ್ಯಾಟರಿ ಅಲ್ವಾ ಸಾರ್ ಒಳಗಿರೋದು?” ಅಂದ.

ಪರವಾನಗಿ ಕೊಟ್ಟ ಕಚೇರಿಗೆ ಪತ್ರ ಬರೆದೆ. ‘ಈ ವಿಷಯವನ್ನು ಪರವಾನಗಿದಾರರ ಮೂಲಕ ಸಲ್ಲಿಸಿ’ ಅಂತ ಉತ್ತರ ಬಂತು. ಪರವಾನಗಿದಾರರು ಓಡಿಹೋಗಿದ್ದಾರೆ ಅಂತ ತಾನೇ ನಾನು ಬರೆದದ್ದು! ಎರಡನೇ ಪತ್ರಕ್ಕೆ ಉತ್ತರ ಇಲ್ಲ. ಅಷ್ಟರಲ್ಲಿ ಸಾಲ ಕೊಟ್ಟ ಬ್ಯಾಂಕಿನವರು ಬಂದು ಗೋಡೌನಿನ ಸಾಮಾನಿನ ಪಟ್ಟಿ ಮಾಡಿದರು. ಆ ಪಟ್ಟಿಯನ್ನು ನಾನು ಕಣ್ಣಾರೆ ನೋಡಿದ್ದೇನೆ. ವೆಲ್ಡಿಂಗ್ ಸೆಟ್ ಆರು, ಕುರ್ಚಿ ಹದಿನಾಲ್ಕು, ‘ನೆಲದ ಗುಂಡಿಯಲ್ಲಿ ಭಾರವಾದ ಲೋಹದ ಪೆಟ್ಟಿಗೆ, ಎರಡು’. ಹರಾಜಿಗೆ ಇಡಲು ಸಿದ್ಧ. ಆ ಸಾಲನ್ನು ಓದಿದ ಮೇಲೆ ಮೂರನೇ ಪತ್ರ ಬರೆದೆ. ಪಟ್ಟಿಯ ನಕಲನ್ನೂ ಜೊತೆಗಿಟ್ಟೆ. ಕೊನೆಗೆ ಬಂದು ತೆಗೆದುಕೊಂಡು ಹೋದರು. ಬಾಗಿಲು ಮುಚ್ಚಿ ಹದಿನಾಲ್ಕು ತಿಂಗಳಾಗಿತ್ತು.

ಇರಿಡಿಯಂ-192ರ ಅರ್ಧಾಯುಷ್ಯ 74 ದಿನ. 74 ದಿನಕ್ಕೊಮ್ಮೆ ಅದರ ಶಕ್ತಿ ಅರ್ಧಕ್ಕೆ ಇಳಿಯುತ್ತದೆ. ಹದಿನಾಲ್ಕು ತಿಂಗಳಲ್ಲಿ ಸುಮಾರು ಐವತ್ತರಲ್ಲಿ ಒಂದು ಪಾಲಷ್ಟೇ ಉಳಿದಿತ್ತು. ಆ ವಾಚ್‌ಮನ್‌ನನ್ನು ಕಾಪಾಡಿದ್ದು ಪೆಟ್ಟಿಗೆಯ ಗಟ್ಟಿತನ ಮತ್ತು ಈ ಗಣಿತ. ಗುಂಡಿಯಲ್ಲಿದ್ದದ್ದು ಸೀಸಿಯಂ-137 ಅನ್ನುವ ಇನ್ನೊಂದು ವಿಕಿರಣ ವಸ್ತು ಆಗಿದ್ದರೆ? ಅದರ ಅರ್ಧಾಯುಷ್ಯ 30 ವರ್ಷ. ಹದಿನಾಲ್ಕು ತಿಂಗಳು ಅದಕ್ಕೆ ಒಂದು ಮಧ್ಯಾಹ್ನದ ನಿದ್ದೆ.

ಅಂಥದ್ದೊಂದು ನಿಜವಾಗಿ ನಡೆದಿದೆ. ನಿಮಗೆಲ್ಲ ಗೊತ್ತಿರುವ ಕತೆಯೇ. ಆದರೂ ಒಂದಷ್ಟು ವಿವರ ನೆನಪಿಸಬೇಕು ಅನ್ನಿಸುತ್ತದೆ.

ಬ್ರೆಜಿಲ್ ದೇಶದ ಗೋಯಾನಿಯಾ ನಗರ. ಅಲ್ಲಿ ಕ್ಯಾನ್ಸರ್ ಚಿಕಿತ್ಸೆಯ ಒಂದು ಖಾಸಗಿ ಕ್ಲಿನಿಕ್ ಇತ್ತು. 1985ರ ಕೊನೆಯ ಹೊತ್ತಿಗೆ ಅದು ಬೇರೆ ಜಾಗಕ್ಕೆ ಹೋಯಿತು. ವಿಕಿರಣದ ಚಿಕಿತ್ಸೆಗೆ ಬಳಸುತ್ತಿದ್ದ ಕೋಬಾಲ್ಟ್ ಯಂತ್ರವನ್ನು ಜೊತೆಗೆ ಒಯ್ದರು, ಸೀಸಿಯಂ ಯಂತ್ರವನ್ನು ಹಳೇ ಕಟ್ಟಡದಲ್ಲೇ ಬಿಟ್ಟರು. ಪರವಾನಗಿ ಕೊಟ್ಟ ಸಂಸ್ಥೆಗೆ ತಿಳಿಸಲಿಲ್ಲ. ಕಟ್ಟಡವನ್ನು ಅರ್ಧಂಬರ್ಧ ಕೆಡವಿದರು. 1987ರ ಸೆಪ್ಟೆಂಬರ್ 13ರಂದು ಇಬ್ಬರು ಒಳಗೆ ಹೊಕ್ಕು, ಯಂತ್ರದ ತಲೆಭಾಗವನ್ನು ಕಿತ್ತು, ಕೈಗಾಡಿಯಲ್ಲಿ ಮನೆಗೆ ತಳ್ಳಿಕೊಂಡು ಹೋದರು. ಸ್ಕ್ರೂಡ್ರೈವರಿನಿಂದ ಮೀಟಿ ತೂತು ಮಾಡಿದರು. ಆಮೇಲೆ ಗುಜರಿಯವನಿಗೆ ಮಾರಿದರು.

ರಾತ್ರಿ ಗುಜರಿಯವನಿಗೆ ಅದರಿಂದ ನೀಲಿ ಬೆಳಕು ಬರುವುದು ಕಂಡಿತು. ಚೆಂದ ಅನ್ನಿಸಿತು. ಅನ್ನಿಸದೆ ಏನು? ನೆಂಟರನ್ನು, ಸ್ನೇಹಿತರನ್ನು ಕರೆದು ತೋರಿಸಿದ. ಅಕ್ಕಿಕಾಳಿನಷ್ಟು ಚೂರುಗಳನ್ನು ಹಂಚಿದ. ಕೆಲವರು ಮೈಗೆ ಹಚ್ಚಿಕೊಂಡರು. ಆರು ವರ್ಷದ ಒಂದು ಹುಡುಗಿ ಪುಡಿ ಮೆತ್ತಿದ ಕೈಯಲ್ಲೇ ಊಟ ಮಾಡಿದಳು. ಮನೆಯವರಿಗೆಲ್ಲ ವಾಂತಿ, ಭೇದಿ ಶುರುವಾಯಿತು. ಇದು ಆ ವಸ್ತುವಿನಿಂದಲೇ ಅಂತ ಮೊದಲು ಅನುಮಾನ ಪಟ್ಟದ್ದು ಯಾವ ಅಧಿಕಾರಿಯೂ ಅಲ್ಲ. ಗುಜರಿಯವನ ಹೆಂಡತಿ. ಅದನ್ನು ಚೀಲಕ್ಕೆ ತುಂಬಿಸಿ, ಬಸ್ಸಿನಲ್ಲಿ ಆರೋಗ್ಯ ಇಲಾಖೆಯ ಕಚೇರಿಗೆ ತಲುಪಿಸಿದಳು. ಅಂದು ಸೆಪ್ಟೆಂಬರ್ 28.

ಮರುದಿನ ಒಬ್ಬ ವೈದ್ಯಕೀಯ ಭೌತಶಾಸ್ತ್ರಜ್ಞನನ್ನು ಕರೆಸಿದರು. ಅವನು ಯುರೇನಿಯಂ ಅದಿರು ಹುಡುಕುವವರ ಹತ್ತಿರ ಮೀಟರ್ ಎರವಲು ತಂದ. ಕಚೇರಿ ಇನ್ನೂ ದೂರವಿರುವಾಗಲೇ ಮುಳ್ಳು ತುದಿಗೆ ಹೋಗಿ ನಿಂತಿತು. ಯಾವ ಕಡೆ ತಿರುಗಿಸಿದರೂ ಹಾಗೇ. ಮೀಟರ್ ಕೆಟ್ಟಿದೆ ಅಂದುಕೊಂಡು ವಾಪಸ್ ಹೋಗಿ ಇನ್ನೊಂದು ತಂದ. ಅದೂ ಹಾಗೇ ಮಾಡಿತು. ಅಷ್ಟರಲ್ಲಿ ಅಗ್ನಿಶಾಮಕದವರು ಬಂದಿದ್ದರು. ಆ ವಸ್ತುವನ್ನು ನದಿಗೆ ಎಸೆಯಬೇಕು ಅಂತ ಅವರ ಯೋಚನೆ. ಇವನು ಸಮಯಕ್ಕೆ ಸರಿಯಾಗಿ ಹೋಗಿ ತಡೆದ. ಈ ಭಾಗ ಓದಿದಾಗಲೆಲ್ಲ ನನಗೆ ನಮ್ಮ ಸತ್ತ ಮೀಟರ್ ನೆನಪಾಗುತ್ತದೆ. ಅವನ ಮೀಟರ್ ನಿಜ ಹೇಳುತ್ತಿತ್ತು, ಅವನು ನಂಬಲಿಲ್ಲ. ನಮ್ಮದು ಸುಳ್ಳು ಹೇಳುತ್ತಿತ್ತು, ನಾವು ನಂಬಿದೆವು.

ನಾಲ್ಕು ಜನ ತೀರಿಕೊಂಡರು. ಆ ಹುಡುಗಿ ಮತ್ತು ಚೀಲ ಹೊತ್ತುಕೊಂಡು ಹೋದ ಆ ಹೆಂಗಸು ಕೂಡ. 249 ಜನರ ಮೈಮೇಲೆ, ಮೈಯೊಳಗೆ ಸೀಸಿಯಂ ಸಿಕ್ಕಿತು. ಒಂದು ಲಕ್ಷ ಹನ್ನೆರಡು ಸಾವಿರ ಜನರನ್ನು ಕ್ರೀಡಾಂಗಣಕ್ಕೆ ಕರೆಸಿ ಪರೀಕ್ಷೆ ಮಾಡಬೇಕಾಯಿತು. ಇಷ್ಟಕ್ಕೆಲ್ಲ ಕಾರಣವಾದ ಪುಡಿ ನೂರು ಗ್ರಾಂ ಕೂಡ ಇರಲಿಲ್ಲ.

ಅಣುಸ್ಥಾವರ ಅಂದರೆ ಎಲ್ಲರಿಗೂ ಭಯ. ಹಾಗಾಗಿ ಅಲ್ಲಿ ಪ್ರತಿ ವಾಲ್ವಿಗೂ ಒಂದು ಕಾಗದ, ಕಾಗದಕ್ಕೊಂದು ಸಹಿ, ಸಹಿಯ ಮೇಲೊಂದು ತಪಾಸಣೆ. ಇರಲಿ, ಇರಲೇಬೇಕು. 1986ರ ಚೆರ್ನೋಬಿಲ್, 2011ರ ಫುಕುಶಿಮಾ ನೋಡಿದ ಮೇಲೆ ಅದನ್ನು ಜಾಸ್ತಿಯಾಯಿತು ಅನ್ನಲು ನನಗೆ ಬಾಯಿ ಬರುವುದಿಲ್ಲ. ನಾನು ಅಣುವಿದ್ಯುತ್ತಿನ ವಿರೋಧಿಯೂ ಅಲ್ಲ. ಆದರೆ ಓಡುತ್ತಿರುವ ರಿಯಾಕ್ಟರ್‌ಗಳು ಇಡೀ ಜಗತ್ತಿನಲ್ಲಿ ನಾನೂರರ ಆಸುಪಾಸು. ಅವು ಎಲ್ಲಿವೆ ಅಂತ ಎಲ್ಲರಿಗೂ ಗೊತ್ತು. ನನ್ನ ಗುಂಡಿಯಲ್ಲಿ ಇದ್ದಂಥ ಸೋರ್ಸ್‌ಗಳು ಲಕ್ಷಗಟ್ಟಲೆ. ಆಸ್ಪತ್ರೆಯಲ್ಲಿ, ಸಿಮೆಂಟ್ ಕಾರ್ಖಾನೆಯ ಪೈಪಿನ ಪಕ್ಕದಲ್ಲಿ, ಎಣ್ಣೆಬಾವಿಯ ಬಾಯಲ್ಲಿ, ರಸ್ತೆ ಮಣ್ಣಿನ ತೇವ ಅಳೆಯುವ ಪೆಟ್ಟಿಗೆಯಲ್ಲಿ. ರಿಯಾಕ್ಟರನ್ನು ಯಾರೂ ಕೈಗಾಡಿಯಲ್ಲಿ ತಳ್ಳಿಕೊಂಡು ಹೋಗಲಾರರು.

ಗೋಯಾನಿಯಾಕ್ಕಿಂತ ಮೊದಲೂ ಇದೇ ಆಗಿತ್ತು, ಆಮೇಲೂ ಆಯಿತು. ಮೆಕ್ಸಿಕೋದ ಹ್ವಾರೆಸ್ ನಗರದಲ್ಲಿ ಒಂದು ಆಸ್ಪತ್ರೆ ಕೊಂಡ ಕೋಬಾಲ್ಟ್ ಯಂತ್ರವನ್ನು ಬಳಸಲೇ ಇಲ್ಲ. ವರ್ಷಗಟ್ಟಲೆ ಗೋದಾಮಿನಲ್ಲಿ ಬಿದ್ದಿದ್ದು 1983ರ ಕೊನೆಯಲ್ಲಿ ಗುಜರಿಗೆ ಹೋಯಿತು. ಅದರಲ್ಲಿದ್ದ ಆರು ಸಾವಿರದಷ್ಟು ಪುಟ್ಟ ಗುಂಡುಗಳು ಚೆಲ್ಲಿ, ಹಳೇ ಕಬ್ಬಿಣದ ಜೊತೆ ಕುಲುಮೆಗೆ ಹೋಗಿ, ಕಟ್ಟಡದ ಕಂಬಿಯಾಗಿ, ಮೇಜಿನ ಕಾಲಾಗಿ ಹೊರಬಂದವು. ಗೊತ್ತಾದದ್ದು ಹೇಗೆ? 1984ರ ಜನವರಿಯಲ್ಲಿ ಆ ಕಂಬಿ ಹೊತ್ತ ಒಂದು ಲಾರಿ ಅಮೆರಿಕದ ಲಾಸ್ ಅಲಾಮೋಸ್ ಪ್ರಯೋಗಾಲಯದ ಹತ್ತಿರ ದಾರಿ ತಪ್ಪಿತು. ಅಲ್ಲಿನ ಅಲಾರಂ ಕೂಗಿತು. ಚಾಲಕ ಸರಿಯಾದ ದಾರಿಯಲ್ಲೇ ಹೋಗಿದ್ದರೆ?

2000ದಲ್ಲಿ ಥಾಯ್ಲೆಂಡಿನ ಸಮುತ್ ಪ್ರಕಾನ್. ಅಲ್ಲಿಯೂ ಹಳೇ ಕೋಬಾಲ್ಟ್ ಯಂತ್ರ, ಅಲ್ಲಿಯೂ ಗುಜರಿ, ಮೂವರು ಸತ್ತರು. 2010ರಲ್ಲಿ ದೆಹಲಿಯ ಮಾಯಾಪುರಿ. ವಿಶ್ವವಿದ್ಯಾಲಯದ ಪ್ರಯೋಗಾಲಯದಲ್ಲಿ 1985ರ ಸುಮಾರಿಗೆ ಬಳಕೆ ನಿಂತಿದ್ದ ಯಂತ್ರವನ್ನು ಹಳೇ ಸಾಮಾನಿನ ಹರಾಜಿನಲ್ಲಿ ಮಾರಿದರು. ಒಬ್ಬ ಸತ್ತ, ಹಲವರು ಆಸ್ಪತ್ರೆ ಸೇರಿದರು. ನಮ್ಮ ಬ್ಯಾಂಕಿನವರ ಪಟ್ಟಿಯಲ್ಲಿದ್ದ ‘ಭಾರವಾದ ಲೋಹದ ಪೆಟ್ಟಿಗೆ’ ಅನ್ನುವ ಸಾಲಿಗೆ ನಾನು ಯಾಕೆ ಹೆದರಿದೆ ಅಂತ ಈಗ ಗೊತ್ತಾಗಿರಬೇಕು.

ಇನ್ನೊಂದು ಕತೆ ಸ್ವಲ್ಪ ಬೇರೆ. 2001ರ ಡಿಸೆಂಬರ್, ಜಾರ್ಜಿಯಾ ದೇಶದ ಲಿಯಾ ಹಳ್ಳಿಯ ಹತ್ತಿರದ ಕಾಡು. ಸೌದೆಗೆ ಹೋದ ಮೂವರಿಗೆ ಎರಡು ಲೋಹದ ಡಬ್ಬಿ ಕಂಡವು. ಸುತ್ತಲಿನ ಹಿಮ ಕರಗಿತ್ತು. ಮುಟ್ಟಿದರೆ ಬಿಸಿ. ಚಳಿಯ ರಾತ್ರಿ, ಒಲೆಯ ಹಾಗೆ ಪಕ್ಕದಲ್ಲಿಟ್ಟುಕೊಂಡು ಮಲಗಿದರು. ಅದು ಸೋವಿಯತ್ ಕಾಲದ ವಿದ್ಯುತ್ ಸಾಧನದ ಸ್ಟ್ರಾನ್ಷಿಯಂ-90. ಬೆಳಗಾಗುವ ಮುಂಚೆಯೇ ವಾಂತಿ ಶುರುವಾಗಿತ್ತು. ಒಬ್ಬ ಎರಡು ವರ್ಷಕ್ಕೂ ಹೆಚ್ಚು ನರಳಿ ಸತ್ತ. ಇಲ್ಲಿ ಬಾಗಿಲು ಮುಚ್ಚಿಕೊಂಡು ಹೋಗಿದ್ದು ಕ್ಲಿನಿಕ್ ಅಲ್ಲ, ಕಂಪನಿಯೂ ಅಲ್ಲ. ಒಂದು ದೇಶವೇ.

ಇವುಗಳನ್ನೆಲ್ಲ ಯಾಕೆ ಹೇಳಿದೆ ಅಂದರೆ, ಇಲ್ಲಿ ಯಾವುದರಲ್ಲೂ ಸೋರ್ಸ್ ಕೆಲಸ ಮಾಡುತ್ತಿರುವಾಗ ಅನಾಹುತ ಆಗಲಿಲ್ಲ. ಅದರಿಂದ ಇನ್ನು ಯಾರಿಗೂ ಪ್ರಯೋಜನವಿಲ್ಲ ಅಂದಾದ ಮೇಲೆ ಆಯಿತು. ನಿಮ್ಮ ನಿಯಮಗಳಲ್ಲಿ ದಪ್ಪವಾಗಿರುವುದು ಮೊದಲ ಭಾಗ. ಕೊಳ್ಳಲು ಅರ್ಜಿ, ಕೋಣೆಯ ನಕ್ಷೆ, ಗೋಡೆಯ ದಪ್ಪ, ಕೆಲಸದವರ ತರಬೇತಿ. ನಾನೇ ಆ ಅರ್ಜಿಗಳನ್ನು ತುಂಬಿದ್ದೇನೆ, ಒಂದೊಂದಕ್ಕೂ ವಾರ ಹಿಡಿಯುತ್ತಿತ್ತು. ಕೊನೆಯ ಪುಟದಲ್ಲಿ ‘ಬಳಕೆ ಮುಗಿದ ಮೇಲೆ ಪೂರೈಕೆದಾರರಿಗೆ ಹಿಂದಿರುಗಿಸಲಾಗುವುದು’ ಅನ್ನುವ ಒಂದು ಸಾಲು. ಕೆಳಗೆ ಸಹಿ. ಹಿಂದಿರುಗಿಸುವ ಖರ್ಚು ಯಾರದ್ದು? ಆ ಹೊತ್ತಿಗೆ ಪೂರೈಕೆದಾರ ಇಲ್ಲದಿದ್ದರೆ? ಸಹಿ ಹಾಕಿದವನೇ ಇಲ್ಲದಿದ್ದರೆ?

ಹಾಗಾಗಿ ನನ್ನ ಮುಖ್ಯ ಬೇಡಿಕೆ ಒಂದೇ. ಕೊನೆಯ ಖರ್ಚನ್ನು ಮೊದಲೇ ವಸೂಲು ಮಾಡಿ. ಸೋರ್ಸ್ ಕೊಳ್ಳುವ ದಿನವೇ ಅದನ್ನು ವಾಪಸ್ ಕಳಿಸುವ, ಇಲ್ಲವೇ ಸುರಕ್ಷಿತವಾಗಿ ಇಡುವ ಹಣ ನಿಮ್ಮ ಹತ್ತಿರ ಠೇವಣಿಯಾಗಿ ಬಂದಿರಬೇಕು. ಬಾಡಿಗೆ ಮನೆಗೂ ಅಡ್ವಾನ್ಸ್ ತೆಗೆದುಕೊಳ್ಳುತ್ತಾರೆ, ಅಲ್ವಾ? ಕಂಪನಿ ಮುಳುಗಿದರೆ ಆ ಹಣದಿಂದ ನೀವೇ ಹೋಗಿ ತರಬಹುದು. ಪರವಾನಗಿದಾರರ ಮೂಲಕ ಬರಲಿ ಅಂತ ಕಾಯಬೇಕಾಗಿಲ್ಲ.

ಇದು ನಾನು ಕೂತು ಕಂಡ ಕನಸಲ್ಲ. ಯುರೋಪ್ ಒಕ್ಕೂಟ 2003ರಲ್ಲೇ ತೀವ್ರ ವಿಕಿರಣದ ಸೋರ್ಸ್‌ಗಳಿಗೆ ಇಂಥ ನಿಯಮ ತಂದಿದೆ. ಸೋರ್ಸ್ ಬಳಕೆ ನಿಂತ ಮೇಲೆ ಅದನ್ನು ನೋಡಿಕೊಳ್ಳುವ ಹಣದ ಭದ್ರತೆ ಪರವಾನಗಿಗೆ ಮುಂಚೆಯೇ ಆಗಬೇಕು. ಹೊಂದಿದವನು ದಿವಾಳಿಯಾದರೂ, ವ್ಯವಹಾರ ಮುಚ್ಚಿದರೂ ಆ ಭದ್ರತೆ ನಿಲ್ಲಬೇಕು. ದಿವಾಳಿ ಅನ್ನುವ ಮಾತು ಆ ನಿಯಮದಲ್ಲೇ ಇದೆ. ಅದನ್ನು ಓದಿದ ದಿನ ನನಗೆ ಯಾರೋ ನಮ್ಮ ಗೋಡೌನ್ ನೋಡಿಕೊಂಡು ಹೋಗಿ ಬರೆದ ಹಾಗೆ ಅನ್ನಿಸಿತು.

ಅಂತರರಾಷ್ಟ್ರೀಯ ಅಣುಶಕ್ತಿ ಸಂಸ್ಥೆಯೂ ಅದೇ 2003ರಲ್ಲಿ ಸೋರ್ಸ್‌ಗಳ ಸುರಕ್ಷತೆಗೆಂದೇ ಒಂದು ನೀತಿಸಂಹಿತೆ ಒಪ್ಪಿಕೊಂಡಿತು. ಅಪಾಯದ ಪ್ರಕಾರ ವರ್ಗ ಮಾಡಿ, ರಾಷ್ಟ್ರೀಯ ರಿಜಿಸ್ಟರ್ ಇಡಿ ಅನ್ನುತ್ತದೆ. ಒಳ್ಳೆಯ ದಾಖಲೆ. ನೂರಕ್ಕೂ ಹೆಚ್ಚು ದೇಶಗಳು ಪಾಲಿಸುತ್ತೇವೆ ಅಂದಿವೆ. ಆದರೆ ಕಡ್ಡಾಯವಲ್ಲ. ಅಣುಸ್ಥಾವರಗಳಿಗಾಗಿ ಇರುವ 1994ರ ಒಪ್ಪಂದ, ಸಹಿ ಮಾಡಿದವರಿಗೆ ಕಡ್ಡಾಯ. 1997ರ ತ್ಯಾಜ್ಯದ ಒಪ್ಪಂದವೂ ಕಡ್ಡಾಯವೇ, ಆದರೆ ಅದರಲ್ಲಿ ಬಳಕೆ ನಿಂತ ಸೋರ್ಸ್‌ಗಳ ಪಾಲಿಗೆ ಸಿಕ್ಕಿದ್ದು ಒಂದೇ ಒಂದು ವಿಧಿ, 28ನೆಯದು. ಗೋಯಾನಿಯಾದ ಆ ಹುಡುಗಿಗಿಂತ ವಿದ್ಯುತ್ ಮಂಡಳಿಗೆ ಜಾಸ್ತಿ ಬೆಲೆ ಇದೆಯೇನೋ ಅಂತ ಒಮ್ಮೊಮ್ಮೆ ಸಂಶಯ ಬರುತ್ತದೆ. ಇದು ಸಿಟ್ಟಿನ ಮಾತು. ಆದರೂ ಅಳಿಸುವುದಿಲ್ಲ.

ಇನ್ನು ದಂಡದ ವಿಷಯ. 2023ರ ಜನವರಿಯಲ್ಲಿ ಪಶ್ಚಿಮ ಆಸ್ಟ್ರೇಲಿಯಾದಲ್ಲಿ ಒಂದು ಗಣಿಯಿಂದ ಪರ್ತ್ ನಗರಕ್ಕೆ ಹೊರಟ ಲಾರಿಯಿಂದ ಸೀಸಿಯಂ ಕ್ಯಾಪ್ಸೂಲ್ ಬಿದ್ದುಹೋಯಿತು. ಎಂಟು ಮಿಲಿಮೀಟರ್ ಉದ್ದ, ಆರು ಮಿಲಿಮೀಟರ್ ಅಗಲ. ದಾರಿ ಸುಮಾರು 1,400 ಕಿಲೋಮೀಟರ್. ಕುಲುಕಾಟಕ್ಕೆ, ಕ್ಯಾಪ್ಸೂಲ್ ಇದ್ದ ಉಪಕರಣದ ಸ್ಕ್ರೂ ಸಡಿಲವಾಗಿ, ಬೋಲ್ಟ್ ಬಿದ್ದು, ಆ ತೂತಿನಿಂದ ಕ್ಯಾಪ್ಸೂಲ್ ಜಾರಿತು ಅಂತ ಊಹೆ. ಪರ್ತ್ ತಲುಪಿ ಒಂದು ವಾರಕ್ಕೂ ಹೆಚ್ಚು ದಿನ ಪೆಟ್ಟಿಗೆಯನ್ನು ಯಾರೂ ಬಿಚ್ಚಲಿಲ್ಲ. ಬಿಚ್ಚಿದ ಮೇಲೆ ಗಾಬರಿ. ಕೊನೆಗೆ ಮೀಟರ್ ಕಟ್ಟಿಕೊಂಡ ವಾಹನ ಗಂಟೆಗೆ 70 ಕಿಲೋಮೀಟರ್ ವೇಗದಲ್ಲಿ ಹೋಗುತ್ತಾ ಫೆಬ್ರುವರಿ 1ರಂದು ಅದನ್ನು ಹಿಡಿಯಿತು. ರಸ್ತೆಯಂಚಿನಿಂದ ಎರಡು ಮೀಟರ್ ದೂರದಲ್ಲಿ ಬಿದ್ದಿತ್ತು. ಹುಡುಕಿದವರ ಕೆಲಸಕ್ಕೆ ಕೈ ಮುಗಿಯಬೇಕು. ಆದರೆ ಆಗಿನ ಅಲ್ಲಿನ ಕಾನೂನಿನಲ್ಲಿ ಇಂಥ ತಪ್ಪಿಗೆ ಗರಿಷ್ಠ ದಂಡ ಎಷ್ಟು ಗೊತ್ತಾ? ಒಂದು ಸಾವಿರ ಆಸ್ಟ್ರೇಲಿಯನ್ ಡಾಲರ್, ಮೇಲೆ ದಿನಕ್ಕೆ ಐವತ್ತು ಡಾಲರ್. ಆ ಗಣಿಯ ಒಂದು ಲಾರಿಯ ಟೈರ್ ಬದಲಿಸುವುದಕ್ಕೂ ಅದು ಸಾಲುವುದಿಲ್ಲ. ನಿಮ್ಮ ಕಾನೂನಿನಲ್ಲಿರುವ ದಂಡದ ಮೊತ್ತವನ್ನು ಒಮ್ಮೆ ತೆಗೆದು ನೋಡಿ. ಅದನ್ನು ಯಾವ ವರ್ಷ ಬರೆದದ್ದು ಅನ್ನುವುದನ್ನೂ ನೋಡಿ.

ದಂಡ ಹೆಚ್ಚಿಸಿ ಅನ್ನುವಾಗಲೇ ಇನ್ನೊಂದು ಮಾತು ಹೇಳದಿದ್ದರೆ ತಪ್ಪಾಗುತ್ತದೆ. ಕಳೆದುಕೊಂಡದ್ದಕ್ಕೆ ದಂಡ ಇರಲಿ, ಮುಚ್ಚಿಟ್ಟದ್ದಕ್ಕೆ ಅದರ ಹತ್ತು ಪಟ್ಟು ಇರಲಿ. ಆದರೆ ಸಿಕ್ಕಿದ್ದನ್ನು ತಂದು ತೋರಿಸಿದವನಿಗೆ ಒಂದು ಪೈಸೆಯೂ ಬೀಳಬಾರದು. 1998ರಲ್ಲಿ ಸ್ಪೇನಿನ ಒಂದು ಉಕ್ಕಿನ ಕಾರ್ಖಾನೆಯ ಕುಲುಮೆಯಲ್ಲಿ ಗೊತ್ತಿಲ್ಲದೆ ಸೀಸಿಯಂ ಸೋರ್ಸ್ ಕರಗಿಹೋಯಿತು. ಹೊಗೆಯ ಸುಳಿವು ಫ್ರಾನ್ಸ್, ಸ್ವಿಟ್ಜರ್‌ಲೆಂಡ್‌ಗಳ ಗಾಳಿಯಲ್ಲಿ ಸಿಕ್ಕಿತು. ಆಮೇಲೆ ಅಲ್ಲಿನ ಸರ್ಕಾರ, ಉಕ್ಕಿನವರು ಮತ್ತು ತ್ಯಾಜ್ಯ ನೋಡಿಕೊಳ್ಳುವ ಸಂಸ್ಥೆ ಕೂತು 1999ರಲ್ಲಿ ಒಂದು ಒಪ್ಪಂದ ಮಾಡಿಕೊಂಡವು. ಗುಜರಿ ಬರುವ ಗೇಟಿನಲ್ಲೇ ಮೀಟರ್ ಇಡುವುದು, ಕೂಗಿದರೆ ಯಾರಿಗೆ ಫೋನ್ ಮಾಡಬೇಕು, ಸಿಕ್ಕಿದ ವಸ್ತುವನ್ನು ಯಾರು ಒಯ್ಯಬೇಕು, ಎಲ್ಲ ಮೊದಲೇ ತೀರ್ಮಾನ. ಹೀಗೆ ಮಾಡದ ಕಡೆ ಏನಾಗುತ್ತದೆ ಅಂತ ನನಗೆ ಗೊತ್ತು. ಅಲಾರಂ ಕೂಗಿದ ಲಾರಿಯನ್ನು ಕಾರ್ಖಾನೆಯವರು ಒಳಗೆ ಬಿಡುವುದಿಲ್ಲ, ಪೊಲೀಸರಿಗೂ ಹೇಳುವುದಿಲ್ಲ. ವಾಪಸ್ ಕಳಿಸುತ್ತಾರೆ. ಲಾರಿ ಅಲಾರಂ ಇಲ್ಲದ ಇನ್ನೊಂದು ಗೇಟ್ ಹುಡುಕಿಕೊಂಡು ಹೋಗುತ್ತದೆ.

ಗುಜರಿ ಆಯುವವನ ಕೈಗೆ ತಲುಪುವ ಹಾಗೆ ನೀವು ಏನು ಬರೆದಿದ್ದೀರಿ? ಮೂರೆಸಳಿನ ಆ ಹಳದಿ ಗುರುತು ಓದಿದವರಿಗೆ ಗೊತ್ತು. ಓದದವನಿಗೆ ಅದು ಫ್ಯಾನು. 2007ರಲ್ಲಿ ಹೊಸ ಗುರುತು ಬಂತು. ಕೆಂಪು ತ್ರಿಕೋನ, ಮೇಲಿಂದ ಕಿರಣ, ಕೆಳಗೆ ತಲೆಬುರುಡೆ, ಓಡುತ್ತಿರುವ ಮನುಷ್ಯ. ಹನ್ನೊಂದು ದೇಶಗಳ ಸುಮಾರು 1,650 ಜನರಿಗೆ ತೋರಿಸಿ, ಅರ್ಥವಾಯಿತಾ ಅಂತ ಕೇಳಿ ಮಾಡಿದ ಚಿತ್ರ. ಅದನ್ನು ಪೆಟ್ಟಿಗೆಯ ಹೊರಗೆ ಅಂಟಿಸುವುದಿಲ್ಲ. ಬಿಚ್ಚಲು ಹೊರಟವನಿಗೆ ಕಾಣುವ ಹಾಗೆ ಒಳಗೆ, ಸೋರ್ಸ್‌ನ ಹತ್ತಿರ ಇರಬೇಕು. ಸ್ಕ್ರೂಡ್ರೈವರ್ ಹಿಡಿದವನ ಮನಸ್ಸು ಅರಿತು ಮಾಡಿದ ಕೆಲಸ ಅಂದರೆ ಇದು. ನಮ್ಮ ಎರಡು ಕ್ಯಾಮೆರಾಗಳಲ್ಲಿ ಅದು ಇರಲಿಲ್ಲ. ಹಳೇ ಪೆಟ್ಟಿಗೆಗಳಿಗೂ ಅದನ್ನು ಅಂಟಿಸಿ ಅಂತ ಒಂದು ಸುತ್ತೋಲೆ ಕಳಿಸಲು ಏನು ಕಷ್ಟ?

ಕೊನೆಯದಾಗಿ, ನೀವು ಯಾರ ಕೈಕೆಳಗೆ ಕೂತಿದ್ದೀರಿ ಅನ್ನುವ ವಿಷಯ. ಅಮೆರಿಕದಲ್ಲಿ ಅಣುಶಕ್ತಿಯನ್ನು ಬೆಳೆಸುವುದು, ಅದರ ಮೇಲೆ ಕಣ್ಣಿಡುವುದು ಎರಡೂ ಒಂದೇ ಆಯೋಗದ ಕೆಲಸವಾಗಿತ್ತು. 1974ರ ಕಾನೂನಿನಿಂದ ಅದನ್ನು ಒಡೆದು, 1975ರಲ್ಲಿ ನಿಯಂತ್ರಣಕ್ಕೆ ಬೇರೆ ಆಯೋಗ ಶುರು ಮಾಡಿದರು. ಜಪಾನಿನಲ್ಲಿ ಫುಕುಶಿಮಾ ಆಗುವವರೆಗೂ ಸುರಕ್ಷತೆಯ ಸಂಸ್ಥೆ ಇದ್ದದ್ದು ಅಣುವಿದ್ಯುತ್ತನ್ನು ಬೆಳೆಸುವ ಸಚಿವಾಲಯದ ಒಳಗೆ. ಆ ದುರಂತ ಮನುಷ್ಯರೇ ಮಾಡಿಕೊಂಡದ್ದು ಅಂತ ಸಂಸತ್ತಿನ ತನಿಖಾ ಆಯೋಗ 2012ರಲ್ಲಿ ಬರೆಯಿತು. ಅದೇ ವರ್ಷ ಹೊಸ ಪ್ರಾಧಿಕಾರ ಬಂತು. ಬ್ರೆಜಿಲ್‌ನಲ್ಲೂ ಪರವಾನಗಿ ಕೊಡುತ್ತಿದ್ದದ್ದು ಅಣುಶಕ್ತಿ ಬೆಳೆಸುವ ಆಯೋಗವೇ. ಬೇರೆ ಪ್ರಾಧಿಕಾರ ಮಾಡುವ ಕಾನೂನು ಬಂದದ್ದು 2021ರಲ್ಲಿ, ಗೋಯಾನಿಯಾ ಆಗಿ 34 ವರ್ಷಕ್ಕೆ. ಬೇಲಿಯೇ ಎದ್ದು ಹೊಲ ಮೇಯ್ದ ಹಾಗೆ ಅಂತ ನಾನು ಹೇಳುತ್ತಿಲ್ಲ. ಬೇಲಿಗೂ ಹೊಲಕ್ಕೂ ಒಬ್ಬನೇ ಯಜಮಾನನಾದರೆ ಬೇಲಿಯ ರಿಪೇರಿ ಮುಂದಿನ ವರ್ಷಕ್ಕೆ ಹೋಗುತ್ತಲೇ ಇರುತ್ತದೆ. ನಿಮ್ಮ ಕಚೇರಿಯಲ್ಲಿ ನನ್ನ ಎರಡನೇ ಪತ್ರಕ್ಕೆ ಉತ್ತರ ಬರೆಯಲು ಜನ ಇರಲಿಲ್ಲವೇನೋ. ಅಷ್ಟು ಜನ ಬೇಕು ಅಂತ ಕೇಳುವ ಧೈರ್ಯ, ಕೇಳಿದರೆ ಸಿಗುವ ಬಜೆಟ್, ಎರಡೂ ನೀವು ಯಾರ ಕೆಳಗಿದ್ದೀರಿ ಅನ್ನುವುದರ ಮೇಲೆ ನಿಲ್ಲುತ್ತವೆ.

ಒಂದು ಪ್ರಶ್ನೆ ಕೇಳಿ ಮುಗಿಸುತ್ತೇನೆ. ನಿಮ್ಮ ರಿಜಿಸ್ಟರಿನಲ್ಲಿರುವ ಪ್ರತಿ ಸೋರ್ಸ್‌ನ ಮುಂದೆ ‘ಕೊನೆಯ ಸಲ ಕಣ್ಣಾರೆ ನೋಡಿದ ದಿನಾಂಕ’ ಅಂತ ಒಂದು ಕಾಲಂ ಇದೆಯಾ? ಕಾಗದದಲ್ಲಿ ನೋಡಿದ್ದಲ್ಲ, ಮೀಟರ್ ಆನ್ ಮಾಡಿಕೊಂಡು ಹೋಗಿ ನೋಡಿದ ದಿನ. ಇದ್ದರೆ, ಅದರಲ್ಲಿ ಖಾಲಿ ಇರುವ ಸಾಲುಗಳೆಷ್ಟು? ಆ ಸಂಖ್ಯೆಯನ್ನು ವರ್ಷಕ್ಕೊಮ್ಮೆ ಜನರಿಗೆ ತಿಳಿಸಿ. ಜಾಗದ ಹೆಸರು ಬೇಡ, ಕಳ್ಳರಿಗೆ ದಾರಿ ತೋರಿಸಿದಂತಾಗುತ್ತದೆ. ಸಂಖ್ಯೆ ಸಾಕು.

ಅಂದು ಪೆಟ್ಟಿಗೆ ಒಯ್ಯಲು ಬಂದವರು ಕಟರ್ ತಂದಿದ್ದರು. ಬೀಗ ಕತ್ತರಿಸಿ ತೆಗೆದರು. ನನ್ನ ಹತ್ತಿರ ಕೀಲಿ ಇದೆ ಅಂತ ಮೂರೂ ಪತ್ರಗಳಲ್ಲಿ ಬರೆದಿದ್ದೆ. ಇನ್ನೂ ಮೇಜಿನ ಡ್ರಾಯರಿನಲ್ಲಿದೆ. ಯಾರಿಗೆ ಕಳಿಸಬೇಕು ಅಂತ ತಿಳಿಸಿದರೆ ಕಳಿಸುತ್ತೇನೆ.

ಇಂತಿ,
ಒಬ್ಬ ಹಳೇ ರೇಡಿಯೋಗ್ರಾಫರ್